ಸಣ್ಣ ಬ್ರೂವರಿಯೊಂದು ಕ್ಯಾಸ್ಕ್ ಏಲ್ ನೆಚ್ಚಿಕೊಂಡು ಬೆಳೆಯುವ ಬಗೆ

ಇಂಗ್ಲೆಂಡಿನ ಪಬ್ಬುಗಳಲ್ಲಿ ಕೈಪಂಪಿನಿಂದ ಎಳೆದು ಕೊಡುವ ಕ್ಯಾಸ್ಕ್ ಏಲ್, ಅಂದರೆ ಪೀಪಾಯಿಯಲ್ಲೇ ಹದವಾಗುವ ಬಿಯರು, ಬ್ರೂವರಿಯ ಬಾಗಿಲು ದಾಟುವಾಗ ಇನ್ನೂ ಪೂರ್ತಿ ತಯಾರಾಗಿರುವುದಿಲ್ಲ. ಅದನ್ನು ಸೋಸಿರುವುದಿಲ್ಲ, ಪಾಶ್ಚರೀಕರಿಸಿರುವುದೂ ಇಲ್ಲ. ಪೀಪಾಯಿಯೊಳಗಿನ ಜೀವಂತ ಯೀಸ್ಟ್ ಅಳಿದುಳಿದ ಸಕ್ಕರೆಯನ್ನು ತಿನ್ನುತ್ತ ಬಿಯರನ್ನು ಎರಡನೆಯ ಬಾರಿ ಹುದುಗಿಸುತ್ತಿರುತ್ತದೆ. ರಾತ್ರಿ ರುಬ್ಬಿದ ಇಡ್ಲಿ ಹಿಟ್ಟನ್ನು ಪಕ್ಕದ ಮನೆಗೆ ಕೊಟ್ಟು, ‘ಬೆಳಿಗ್ಗೆ ಉಬ್ಬಿದ ಮೇಲೆ ನೀವೇ ಬೇಯಿಸಿಕೊಳ್ಳಿ’ ಎಂದಂತೆ ಈ ವ್ಯಾಪಾರ. ಇಡ್ಲಿ ಕಲ್ಲಾದರೆ ಬೈಗುಳ ಹಿಟ್ಟು ಕೊಟ್ಟವರಿಗೇ. ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲಿ ಬಿಯರು ಅದೇ ಕಟ್ಟಡದ ಟ್ಯಾಂಕಿನಿಂದ ನೇರವಾಗಿ ನಲ್ಲಿಗೆ ಬರುವುದರಿಂದ ಕೊನೆಯ ಹಂತವೂ ತಯಾರಕರ ಕಣ್ಣೆದುರಿಗೇ ನಡೆಯುತ್ತದೆ. ಕ್ಯಾಸ್ಕ್ ಏಲ್ ವಿಷಯದಲ್ಲಿ ಆ ಹಂತ ಮೂವತ್ತು ಮೈಲಿ ಆಚೆ, ಬೇರೆಯವರ ನೆಲಮಾಳಿಗೆಯಲ್ಲಿ ನಡೆಯುತ್ತದೆ. ಹೀಗಾಗಿ ಇಂಥ ಬ್ರೂವರಿ ಎಷ್ಟು ದೊಡ್ಡದಾಗಬಲ್ಲದು ಎಂಬುದನ್ನು ನಿರ್ಧರಿಸುವುದು ಅದರ ಬಿಯರನ್ನು ಸರಿಯಾಗಿ ನೋಡಿಕೊಳ್ಳಬಲ್ಲ ನೆಲಮಾಳಿಗೆಗಳ ಸಂಖ್ಯೆ.

ಮೊದಲು ಮಾಡಬೇಕಾದದ್ದು, ನಕಾಶೆ ತೆಗೆದು, ಬೆಳಿಗ್ಗೆ ಹೊರಟ ವ್ಯಾನು ಮಧ್ಯಾಹ್ನದೊಳಗೆ ಮರಳಬಹುದಾದಷ್ಟು ಪ್ರದೇಶವನ್ನು ಗುರುತಿಸಿಕೊಳ್ಳುವುದು. ಅದರೊಳಗಿನ ಪಬ್ಬುಗಳಲ್ಲಿ ಕೆಲವು ‘ಟೈಡ್’ ಪಬ್ಬುಗಳು, ಅಂದರೆ ಕಟ್ಟಡದ ಮಾಲೀಕ ಕಂಪನಿ ಹೇಳಿದ ಬಿಯರನ್ನೇ ಕೊಳ್ಳಬೇಕಾದವು. ಕೆಲವು ಯಾರಿಂದ ಬೇಕಾದರೂ ಕೊಳ್ಳಬಹುದಾದ ‘ಫ್ರೀ ಹೌಸ್’ಗಳು. ದೊಡ್ಡ ಬ್ರೂವರಿಗಳ ಟೈಡ್ ಪಬ್ಬುಗಳೂ ಹೊರಗಿನ ಒಂದು ಕ್ಯಾಸ್ಕ್ ಬಿಯರನ್ನು ತರಿಸಬಹುದೆಂದು 1989ರ ಬಿಯರ್ ಆದೇಶಗಳು ಅವಕಾಶ ಕೊಟ್ಟಿದ್ದವು, ಆದರೆ 2003ರಲ್ಲಿ ಅವನ್ನು ಹಿಂತೆಗೆದುಕೊಳ್ಳಲಾಯಿತು. ಈಗ ಹೊಸಬರು ಫ್ರೀ ಹೌಸ್‌ಗಳ ಪಟ್ಟಿಯಿಂದಲೇ ಶುರುಮಾಡುವುದು ಕ್ಷೇಮ.

ಮುಂದಿನದು ಪೀಪಾಯಿಗಳ ಲೆಕ್ಕ. ಇದನ್ನು ಅವಸರದಲ್ಲಿ ಮಾಡಿ ಕೈ ಸುಟ್ಟುಕೊಂಡವರೇ ಹೆಚ್ಚು. ಇಂಗ್ಲೆಂಡಿನ ಅಳತೆಯಲ್ಲಿ ಒಂದು ಬ್ಯಾರಲ್ ಎಂದರೆ 36 ಗ್ಯಾಲನ್, ಸುಮಾರು 164 ಲೀಟರು. ಅದರ ಕಾಲುಭಾಗವಾದ ಫರ್ಕಿನ್ 9 ಗ್ಯಾಲನ್ ಅಥವಾ 72 ಪೈಂಟ್ ಹಿಡಿಯುತ್ತದೆ. ಅದರ ಅರ್ಧದ ಪೀಪಾಯಿಗೆ ಪಿನ್ ಎಂದು ಹೆಸರು. ಬಾಯಿ ತೆರೆದ ಪೀಪಾಯಿಯನ್ನು ಮೂರು ದಿನದಲ್ಲಿ ಮುಗಿಸಬೇಕು, ಏಕೆಂದರೆ ಬಿಯರು ಇಳಿದಷ್ಟೂ ಒಳಗೆ ಗಾಳಿ ಸೇರುತ್ತದೆ. ಬೆಳಿಗ್ಗೆ ಇಳಿಸಿದ ಹೆಂಡ ಸಂಜೆಗೆ ಹುಳಿಯಾಗುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದಿನಕ್ಕೆ ಇಪ್ಪತ್ತಮೂರು–ಇಪ್ಪತ್ತನಾಲ್ಕು ಪೈಂಟ್ ನಿಮ್ಮ ಏಲ್ ಮಾರಲಾಗದ ಪಬ್ಬಿಗೆ ಫರ್ಕಿನ್ ಕೊಡುವುದೆಂದರೆ ನಿಮ್ಮ ಹೆಸರನ್ನು ನೀವೇ ಕೆಡಿಸಿಕೊಂಡಂತೆ. ಮಾಲೀಕರು ಕೇಳಿದರೂ ಅಲ್ಲಿಗೆ ಪಿನ್ ಅನ್ನೇ ಕಳಿಸಿ. ಹೊರಗೆ ಹೋದ ಪೀಪಾಯಿ ನೆಲಮಾಳಿಗೆಯಲ್ಲಿ ಸರದಿ ಕಾದು, ಖಾಲಿಯಾಗಿ, ಹಿತ್ತಲಲ್ಲಿ ಬಿದ್ದಿದ್ದು, ವ್ಯಾನು ಹತ್ತಿ ಮರಳಲು ನಾಲ್ಕು ವಾರ ಹಿಡಿಯಿತೆಂದರೆ, ವಾರಕ್ಕೆ 40 ಮಾರಲು ನಿಮ್ಮ ಬಳಿ 160 ಪೀಪಾಯಿ ಇರಬೇಕು. ದೊಡ್ಡ ಕಡಾಯಿಯನ್ನು ಮೊದಲು ತಂದು ಪೀಪಾಯಿಗೆ ಆಮೇಲೆ ದುಡ್ಡು ಹುಡುಕುವುದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ.

ಪೀಪಾಯಿಗೆ ತುಂಬುವ ಹೊತ್ತಿನಲ್ಲಿ ಬಿಯರಿನಲ್ಲಿ ಮಿಲಿಲೀಟರಿಗೆ ಸುಮಾರು ಹತ್ತು ಲಕ್ಷ ಯೀಸ್ಟ್ ಕಣಗಳಿದ್ದರೆ ಸರಿ. ಬಹಳ ಹೆಚ್ಚಾದರೆ ನೊರೆ ಉಕ್ಕಿ ತಳದಲ್ಲಿ ಮಡ್ಡಿ ತುಂಬುತ್ತದೆ, ತೀರ ಕಡಿಮೆಯಾದರೆ ಏಲ್ ಸಪ್ಪೆಯಾಗುತ್ತದೆ. ಯೀಸ್ಟನ್ನು ತಳಕ್ಕಿಳಿಸಲು ಸೇರಿಸುವ ಐಸಿಂಗ್ಲಾಸ್ ಮೀನಿನ ಗಾಳಿಚೀಲದಿಂದ ತೆಗೆದದ್ದು. ಅದರ ಕಣಗಳು ಯೀಸ್ಟನ್ನು ಸೆಳೆದು ಗಂಟುಕಟ್ಟಿಸಿ ಕೆಳಗೆ ಕೂರಿಸುತ್ತವೆ. ಬಿಯರಿನಲ್ಲೇನು ಮಾಂಸ ಎಂದು ನಿಶ್ಚಿಂತರಾಗಿರುವ ನಮ್ಮ ಸಸ್ಯಾಹಾರಿಗಳು ಇದನ್ನು ಕೇಳಿ ಬೆಚ್ಚುವುದುಂಟು. ಅಂಥವರಿಗಾಗಿ ಐಸಿಂಗ್ಲಾಸ್ ಹಾಕದೆ ತುಸು ಮಬ್ಬಾದ ಏಲನ್ನೇ ಮಾರುವ ಬ್ರೂವರಿಗಳೂ ಈಗ ಇವೆ.

ಇನ್ನು ನೆಲಮಾಳಿಗೆಯ ಕೆಲಸ. ನೀವು ಬಿಯರು ಕೊಡುವ ಪ್ರತಿ ಪಬ್ಬಿನ ಹುಡುಗರಿಗೂ ಇದನ್ನು ನೀವೇ ಹೋಗಿ ಕಲಿಸಬೇಕು. ಅಲ್ಲಿನ ಉಷ್ಣತೆ 11ರಿಂದ 13 ಡಿಗ್ರಿ ಸೆಲ್ಸಿಯಸ್‌ನೊಳಗೆ ಇರಲಿ. ಪೀಪಾಯಿಯನ್ನು ‘ಸ್ಟಿಲೇಜ್’ ಎಂಬ ಚೌಕಟ್ಟಿನ ಮೇಲೆ ಅಡ್ಡ ಮಲಗಿಸಿ, ಅಲುಗದಂತೆ ಬೆಣೆ ಕೊಡಬೇಕು. ಹೊಟ್ಟೆಯ ಮೇಲಿನ ತೂತನ್ನು ಮುಚ್ಚಿರುವ ‘ಶೈವ್’ ಎಂಬ ಬಿರಡೆಯ ನಡುವೆ, ಗಾಳಿಯಾಡುವ ಮೆತ್ತನೆಯ ಮರದ ಚಿಕ್ಕ ಗೂಟವನ್ನು, ಅಂದರೆ ‘ಸಾಫ್ಟ್ ಸ್ಪೈಲ್’ ಅನ್ನು, ಸುತ್ತಿಗೆಯಿಂದ ಬಡಿದಾಗ ಫುಸ್ಸೆಂದು ಹುದುಗಿನ ಅನಿಲ ಹೊರಬಂದು ಗೂಟದ ಸುತ್ತ ನೊರೆ ಗುಳ್ಳೆಗುಳ್ಳೆಯಾಗಿ ಉಕ್ಕುತ್ತದೆ. ಆ ನೊರೆಯನ್ನು ಒರೆಸಿ ನೋಡುತ್ತ ನಿಲ್ಲಬೇಕು. ಒರೆಸಿದ ತಕ್ಷಣ ಮತ್ತೆ ಉಕ್ಕಿದರೆ ಹುದುಗು ಇನ್ನೂ ಜೋರಾಗಿದೆ ಎಂದರ್ಥ. ಹೊಸ ಗುಳ್ಳೆ ಮೂಡಲು ನಾಲ್ಕೈದು ಸೆಕೆಂಡು ತಡವಾಗತೊಡಗಿತೆಂದರೆ ಗಟ್ಟಿಮರದ ‘ಹಾರ್ಡ್ ಸ್ಪೈಲ್’ ಬಡಿದು, ಉಳಿದ ಅನಿಲವನ್ನು ಬಿಯರಿನಲ್ಲೇ ಉಳಿಸಿಕೊಳ್ಳಬೇಕು. ಮುಂಭಾಗದ ಬಿರಡೆಗೆ ನಲ್ಲಿಯನ್ನು ಒಂದೇ ದೃಢ ಏಟಿಗೆ ಕೂರಿಸಿ. ಅನುಮಾನದಿಂದ ಮೂರು ಸಲ ತಟ್ಟಿದವರ ಬಟ್ಟೆ ಒದ್ದೆಯಾಗುವುದು ಖಂಡಿತ. ಮಡ್ಡಿ ತಳ ಸೇರಲು ಒಂದು ದಿನವಾದರೂ ಬಿಟ್ಟು, ಗಾಜಿನ ಲೋಟಕ್ಕೆ ಬಗ್ಗಿಸಿ ಬೆಳಕಿಗೆ ಹಿಡಿದು ನೋಡಿ, ಮೂಸಿ, ರುಚಿ ನೋಡಿದ ಮೇಲೆಯೇ ಪಂಪಿಗೆ ಜೋಡಿಸಬೇಕು.

ಮಾರಾಟದ ಹೊತ್ತಿನಲ್ಲಿ ಗೂಟ ಸಡಿಲವಾಗಿರಬೇಕು, ಅಂಗಡಿ ಮುಚ್ಚಿದ ಮೇಲೆ ಬಿಗಿಯಾಗಬೇಕು. ಮುಕ್ಕಾಲು ಖಾಲಿಯಾಗುವವರೆಗೆ ಸುಮ್ಮನಿದ್ದು ಆಮೇಲೆ ಪೀಪಾಯಿಯನ್ನು ಎತ್ತಿದರೆ ಮಡ್ಡಿ ಕದಡುತ್ತದೆ; ಅರ್ಧದಷ್ಟು ಇಳಿದಾಗಲೇ ಹಿಂಭಾಗವನ್ನು ನಿಧಾನವಾಗಿ ಎತ್ತಿ ಬೆಣೆ ಕೊಡುವುದು ಸರಿ. ರಾತ್ರಿಯೆಲ್ಲ ಕೊಳವೆಯಲ್ಲಿ ನಿಂತ ಬಿಯರನ್ನು ಬೆಳಿಗ್ಗೆ ಎಳೆದು ಚೆಲ್ಲಬೇಕು, ಕೊಳವೆಗಳನ್ನು ವಾರಕ್ಕೊಮ್ಮೆ ತೊಳೆಯಬೇಕು. ಯಾರ್ಕ್‌ಶೈರಿನವರು ಪಂಪಿನ ಮೂತಿಗೆ ಸಣ್ಣ ರಂಧ್ರಗಳ ‘ಸ್ಪಾರ್ಕ್ಲರ್’ ಸಿಕ್ಕಿಸಿ ದಪ್ಪ ನೊರೆ ಬರಿಸುತ್ತಾರೆ, ದಕ್ಷಿಣದವರಿಗೆ ಅದು ಸೇರದು. ಈ ಜಗಳದಲ್ಲಿ ಬ್ರೂವರಿಯವರು ತಲೆಹಾಕದಿರುವುದೇ ಲೇಸು.

ಓದುವ ದಿನಗಳಲ್ಲಿ ನಾನು ವಾರಾಂತ್ಯ ಕೆಲಸ ಮಾಡುತ್ತಿದ್ದ ಪಬ್ಬಿನ ಮಾಲೀಕರು ಒಂದು ಬೇಸಿಗೆಯಲ್ಲಿ ಸಾಲಾಗಿ ಮೂರು ಫರ್ಕಿನ್‌ಗಳನ್ನು ‘ಹುಳಿ’ ಎಂದು ವಾಪಸು ಮಾಡಿದ್ದರು. ನಾಲ್ಕನೆಯದನ್ನು ಬ್ರೂವರಿಯ ಯಜಮಾನರೇ ವ್ಯಾನಿನಲ್ಲಿ ತಂದರು. ಮಾತನಾಡದೆ ಕೆಳಗಿಳಿದು, ಜೇಬಿನಿಂದ ಥರ್ಮಾಮೀಟರ್ ತೆಗೆದು ಪೀಪಾಯಿಯ ಮೇಲಿಟ್ಟು, ಹತ್ತು ನಿಮಿಷ ಬಿಟ್ಟು ನಮ್ಮತ್ತ ಹಿಡಿದರು. 19 ಡಿಗ್ರಿ. ಗೋಡೆಯ ಕೂಲರ್ ಯಾವಾಗ ಕೆಟ್ಟಿತ್ತೋ ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ಅವರು ಹಣ ಕೇಳಲಿಲ್ಲ, ಆ ಥರ್ಮಾಮೀಟರನ್ನು ಅಲ್ಲೇ ಮೊಳೆಗೆ ನೇತುಹಾಕಿ ಹೋದರು. ವಾಪಸು ಬಂದ ಪೀಪಾಯಿಗೆ ದೂರವಾಣಿಯಲ್ಲೇ ಸಮಾಧಾನ ಹೇಳಿ ಮುಗಿಸದೆ ಇಳಿದು ಹೋಗಿ ನೋಡಬೇಕೆಂಬುದನ್ನು ನಾನು ಕಲಿತದ್ದು ಅಂದು.

ಬೆಳವಣಿಗೆಯ ಜೊತೆಗೆ ತೆರಿಗೆಯ ಲೆಕ್ಕವೂ ಬದಲಾಗುತ್ತದೆ. 2002ರಲ್ಲಿ ಬ್ರಿಟನ್ ಸರ್ಕಾರ ವರ್ಷಕ್ಕೆ 5,000 ಹೆಕ್ಟೋಲೀಟರ್‌ವರೆಗೆ ತಯಾರಿಸುವವರಿಗೆ ಬಿಯರ್ ಸುಂಕವನ್ನು ಅರ್ಧಕ್ಕಿಳಿಸಿತು. ಒಂದು ಹೆಕ್ಟೋಲೀಟರ್ ಎಂದರೆ ನೂರು ಲೀಟರು; ಫರ್ಕಿನ್ ಲೆಕ್ಕದಲ್ಲಿ ಆ ಮಿತಿ ವಾರಕ್ಕೆ ಸುಮಾರು 235. ಸಣ್ಣ ಬ್ರೂವರಿಗಳು ಅಣಬೆಗಳಂತೆ ಎದ್ದದ್ದು ಆ ಮೇಲೆ, ಆದರೆ ಗೆರೆ ದಾಟಿದರೆ ರಿಯಾಯಿತಿ ಕರಗುತ್ತದೆಂದು ಅದರ ಅಂಚಿನಲ್ಲೇ ನಿಂತವರೂ ಇದ್ದರು. 2023ರ ಆಗಸ್ಟ್‌ನಿಂದ ರಿಯಾಯಿತಿಯನ್ನು ಶುದ್ಧ ಆಲ್ಕೋಹಾಲಿನ ಪ್ರಮಾಣದ ಮೇಲೆ ಲೆಕ್ಕಹಾಕುತ್ತಾರೆ. 20 ಲೀಟರಿಗೆ ಕಡಿಮೆಯಿಲ್ಲದ ಪೀಪಾಯಿಯಿಂದ ಪಬ್ಬಿನಲ್ಲಿ ಬಗ್ಗಿಸುವ ಬಿಯರಿಗೆ ಸುಂಕವೂ ಕಡಿಮೆ. ಇಪ್ಪತ್ತೂವರೆ ಲೀಟರಿನ ಪಿನ್ ಕೂದಲೆಳೆಯಲ್ಲಿ ಪಾಸಾಗುತ್ತದೆ.

ನಕಾಶೆಯಲ್ಲಿ ಗುರುತಿಸಿಕೊಂಡ ಪ್ರದೇಶವನ್ನು ದಾಟಿ ಬೆಳೆಯುವ ಮುನ್ನ ಮಾಶಮ್ ಎಂಬ ಯಾರ್ಕ್‌ಶೈರಿನ ಪುಟ್ಟ ಊರನ್ನು ನೋಡಿ. ಮನೆತನದ ಬ್ರೂವರಿ ಪರರ ಪಾಲಾದ ಮೇಲೆ ಪಾಲ್ ಥೀಕ್ಸ್‌ಟನ್ ಅದೇ ಊರಿನಲ್ಲಿ 1992ರಲ್ಲಿ ಬ್ಲ್ಯಾಕ್ ಶೀಪ್ ಆರಂಭಿಸಿದರು. ಕ್ಯಾಸ್ಕ್ ಏಲ್‌ನಿಂದ ಅದು ನಾಡಿನುದ್ದಕ್ಕೂ ಹೆಸರು ಮಾಡಿತು. ಕೋವಿಡ್ ಕಾಲದಲ್ಲಿ ಪಬ್ಬುಗಳು ಮುಚ್ಚಿದಾಗ ದೇಶದೆಲ್ಲೆಡೆ ಪೀಪಾಯಿಗಟ್ಟಲೆ ಏಲ್ ಚರಂಡಿ ಸೇರಿತು, ಆ ಬಳಿಕ ಖರ್ಚುಗಳೂ ಏರಿದವು. 2023ರಲ್ಲಿ ಬ್ಲ್ಯಾಕ್ ಶೀಪ್ ದಿವಾಳಿಯಂಚಿನ ಕಂಪನಿಗಳನ್ನು ವಹಿಸಿಕೊಳ್ಳುವ ಆಡಳಿತಾಧಿಕಾರಿಗಳ ಕೈಗೆ ಹೋಗಿ ಹೊಸ ಮಾಲೀಕರ ಪಾಲಾಯಿತು. ಹಾಗಾಗಿ ತಯಾರಿಯ ಒಂದು ಪಾಲನ್ನು ಬಾಟಲಿಗೋ, ಗಾಳಿ ಸೇರದಂತೆ ಮುಚ್ಚಿದ ಕೆಗ್ ಎಂಬ ಪೀಪಾಯಿಗೋ ತುಂಬುವ ಏರ್ಪಾಡು ಮೊದಲಿನಿಂದಲೇ ಇರಲಿ ಎಂಬುದು ನನ್ನ ಸಲಹೆ.

ಕೊನೆಯದಾಗಿ, ಖಾಲಿ ಪೀಪಾಯಿಗಳು. ನಲ್ಲಿ ತೆಗೆದ ತೂತಿಗೆ ಬಿರಡೆ, ಶೈವ್‌ಗೆ ಗಟ್ಟಿ ಗೂಟ ಬಡಿದೇ ವಾಪಸು ಕೊಡಬೇಕೆಂದು ಪಬ್ಬಿನವರಿಗೆ ಹೇಳಿ, ಇಲ್ಲವಾದರೆ ಮಡ್ಡಿ ಒಣಗಿ ಅಂಟಿಕೊಂಡು ನೊಣ ಮುತ್ತುತ್ತದೆ. ವ್ಯಾನಿನಿಂದ ಇಳಿಸಿದ ಪ್ರತಿ ಪೀಪಾಯಿಯನ್ನೂ ತೊಳೆಯುವ ಮುನ್ನ ಒಮ್ಮೆ ಮೂಸಿ, ವಿನಿಗರ್ ವಾಸನೆ ಬಂದದ್ದು ಯಾವ ಪಬ್ಬಿನದೆಂದು ಪುಸ್ತಕದಲ್ಲಿ ಬರೆದಿಡಿ. ಮರುವಾರ ವ್ಯಾನು ಮೊದಲು ನಿಲ್ಲಬೇಕಾದ ಬಾಗಿಲು ಅದೇ.