ಅಟ್ಟಕ್ಕೆ ಕಂಬಳಿ ಹೊದಿಸಿದ್ದು

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನಾವು ಕೊಂಡ ಮನೆ ನೂರು ವರ್ಷಕ್ಕೂ ಹಳೆಯದು. 9 ಇಂಚಿನ ಇಟ್ಟಿಗೆ ಗೋಡೆ, ನಡುವೆ ಟೊಳ್ಳಿಲ್ಲ. ಮೊದಲ ಚಳಿಗಾಲ ಮನೆ ಕಾಯಿಸುವ ಬಾಯ್ಲರ್ ಉರಿದದ್ದೇ ಉರಿದದ್ದು. ಆರಿಸಿದ ಅರ್ಧ ಗಂಟೆಗೆ ಮನೆ ಮತ್ತೆ ತಣ್ಣಗೆ. ಕಿಟಕಿ ಮಾರಲು ಬಂದವರೊಬ್ಬರು ‘ಎಲ್ಲಾ ಕಿಟಕಿ ಬದಲಿಸಿ’ ಅಂದರು. ಇದ್ದ ಕಿಟಕಿಗಳಿಗೆ ಆಗಲೇ ಎರಡು ಪದರದ ಗಾಜಿತ್ತು! ಟೀ ಕೊಟ್ಟು ಕಳಿಸಿದೆ.

ಸುಳಿವು ಸಿಕ್ಕಿದ್ದು ದಾವಣಗೆರೆಯಿಂದ ಬಂದಿದ್ದ ಅಮ್ಮನ ಊದುಬತ್ತಿಯಿಂದ. ದೇವರ ಮುಂದೆ ಹಚ್ಚಿಟ್ಟಿದ್ದರ ಹೊಗೆ ನೆಟ್ಟಗೆ ಏಳದೆ ಹಳೇ ಬೆಂಕಿಗೂಡಿನ ಕಡೆ ಅಡ್ಡಡ್ಡ ಹರಿಯುತ್ತಿತ್ತು. ಬಿಸಿ ಗಾಳಿ ಚಿಮಣಿ ಹತ್ತಿ ಹೋಗುತ್ತದೆ, ಆ ಜಾಗಕ್ಕೆ ಹೊರಗಿನ ತಣ್ಣನೆ ಗಾಳಿ ಸಂದುಗಳಿಂದ ನುಗ್ಗುತ್ತದೆ. ಜೋರು ಗಾಳಿಯಿದ್ದ ಒಂದು ಸಂಜೆ ಊದುಬತ್ತಿ ಹಿಡಿದು ಮನೆಯೆಲ್ಲ ಸುತ್ತಿದೆ. ಬಾಗಿಲಿನ ಟಪಾಲು ಕಿಂಡಿ, ಹಲಗೆ ನೆಲ ಗೋಡೆಗೆ ಸೇರುವ ಸಂದು, ಅಟ್ಟದ ಮುಚ್ಚಳ, ಎಲ್ಲ ಕಡೆ ಹೊಗೆ ತೂರಾಡಿತು. ಕಿಂಡಿಗೆ ಬ್ರಷ್, ಬಾಗಿಲಿಗೆ ರಬ್ಬರ್ ಪಟ್ಟಿ, ಬಳಸದ ಚಿಮಣಿಗೆ ಅದಕ್ಕೆಂದೇ ಸಿಗುವ ಬಲೂನು. ಒಂದು ಶನಿವಾರದ ಕೆಲಸ, ಅಷ್ಟೇ.

ಆಮೇಲೆ ಅಟ್ಟ. ಏನೂ ಹೊದಿಸದ ಮನೆಯಲ್ಲಿ ಶಾಖದ ಸುಮಾರು ಕಾಲು ಭಾಗ ಮಾಡಿನಿಂದಲೇ ಹೋಗುತ್ತದೆ. ಜಂತಿಗಳ ನಡುವೆ 100 ಮಿಮೀ, ಅದರ ಮೇಲೆ ಅಡ್ಡಲಾಗಿ 170 ಮಿಮೀ ಗ್ಲಾಸ್‌ವೂಲ್, ಅಂದರೆ ಗಾಜಿನ ಎಳೆಗಳ ಉಣ್ಣೆ, ಹಾಸಿದೆ. ಅಡ್ಡ ಹಾಸದಿದ್ದರೆ ಜಂತಿಯ ಮರದ ಮೂಲಕ ಶಾಖ ಜಾರಿಕೊಳ್ಳುತ್ತದೆ. ಒತ್ತಿ ತುರುಕಲೂಬಾರದು, ಶಾಖ ತಡೆಯುವುದು ಉಣ್ಣೆಯೊಳಗೆ ಸಿಕ್ಕಿಕೊಂಡ ಗಾಳಿ. ಮಾಸ್ಕು, ಗ್ಲೌಸು ಹಾಕಿಕೊಂಡರೂ ಎರಡು ದಿನ ಮೈಯೆಲ್ಲ ತುರಿಕೆ.

ಒಂದು ತಪ್ಪು ಮಾಡಿದೆ. ಆಸೆ ಜಾಸ್ತಿಯಾಗಿ ಸೂರಿನ ತುದಿಯವರೆಗೂ ತುಂಬಿಬಿಟ್ಟೆ. ಜನವರಿಯಲ್ಲಿ ಟಾರ್ಚ್ ಹಿಡಿದು ಹತ್ತಿದರೆ ಮಾಡಿನ ಮರದ ತುಂಬಾ ನೀರಿನ ಹನಿ! ಶಾಖ ಕೆಳಗೇ ನಿಂತ ಮೇಲೆ ಅಟ್ಟ ಮೊದಲಿಗಿಂತ ತಣ್ಣಗಾಗುತ್ತದೆ, ಅಲ್ವಾ? ಮನೆಯಿಂದ ಮೇಲೆ ಹತ್ತಿದ ಆವಿ ಆ ತಣ್ಣನೆ ಮರಕ್ಕೆ ತಾಕಿ ನೀರಾಗುತ್ತದೆ. ಅದರ ಜೊತೆಗೆ ಗಾಳಿಯಾಡುವ ದಾರಿಯನ್ನೂ ನಾನೇ ಮುಚ್ಚಿದ್ದೆ. ಸೂರಿನ ಹತ್ತಿರ ಎರಡು ಇಂಚು ಜಾಗ ಬಿಡಿಸಿದ ಮೇಲೆ ಒಣಗಿತು. ಅಟ್ಟದ ನೀರಿನ ಪೈಪು ಹೆಪ್ಪುಗಟ್ಟಿ ಒಡೆಯದಿರಲಿ ಎಂದು ಅವಕ್ಕೂ ಫೋಮ್ ತೊಡಿಸಿದೆ.

ಸಂದು ಮುಚ್ಚಿದ ಮನೆಯಲ್ಲಿ ಅಡುಗೆಯ ಆವಿ ಗೋಡೆಗೆ ಬೂಷ್ಟು ತರುತ್ತದೆ. ಹಾಗಾಗಿ ಕುಕ್ಕರ್ ಕೂಗುವಾಗ ಫ್ಯಾನ್ ಹಾಕಲೇಬೇಕು. ಅಮ್ಮನಿಗೆ ಇದು ಇನ್ನೂ ಒಪ್ಪಿಗೆಯಿಲ್ಲ. ‘ದುಡ್ಡು ಕೊಟ್ಟು ಕಾಯಿಸಿದ್ದನ್ನ ಹೊರಗೆ ಹಾಕ್ತೀಯಲ್ಲೋ!’

ಗೋಡೆ ಮಾತ್ರ ಹಾಗೇ ಇದೆ. ಖರ್ಚು ದೊಡ್ಡದು, ಒಳಗಿನಿಂದ ಮಾಡಿಸಿದರೆ ಕೋಣೆಯೂ ಕಿರಿದಾಗುತ್ತದೆ. ಸದ್ಯಕ್ಕೆ ಅಮ್ಮನ ಮಂಚವನ್ನು ಹೊರಗೋಡೆಯಿಂದ ಒಳಗೋಡೆಯ ಪಕ್ಕಕ್ಕೆ ಸರಿಸಿದ್ದೇವೆ.