ಹಾಟ್ ಫ್ಲಾಶ್ ಔಷಧದ ಟ್ರಯಲ್‌ಗೆ ಸೇರಬೇಕು ಅಂತಿದ್ದೀರಾ? ಮೊದಲು ಎರಡು ವಾರ ಎಣಿಸಿ

ಮುಟ್ಟು ನಿಲ್ಲುವ ಹೊತ್ತಿಗೆ ಇದ್ದಕ್ಕಿದ್ದಂತೆ ಮೈ ಬಿಸಿಯೇರುತ್ತದಲ್ಲ, ಅದೇ ಹಾಟ್ ಫ್ಲಾಶ್. ಅದರ ಔಷಧವನ್ನು ಜನರ ಮೇಲೆ ಪರೀಕ್ಷಿಸಿ ನೋಡುವುದೇ ಟ್ರಯಲ್. ಟ್ರಯಲ್‌ಗೆ ಹೆಸರು ಕೊಡುವ ಮೊದಲು ಎರಡು ವಾರ ಒಂದು ಕೆಲಸ ಮಾಡಿ. ಮೈ ಬಿಸಿಯೇರಿದಾಗಲೆಲ್ಲ ಬರೆದಿಡಿ. ಎಷ್ಟು ಹೊತ್ತಿಗೆ ಬಂತು, ಬೆವರು ಬಂತಾ, ಮಾಡುತ್ತಿದ್ದ ಕೆಲಸ ಬಿಡಬೇಕಾಯಿತಾ, ಇಷ್ಟು ಸಾಕು. ನಾನು ಇದನ್ನು ಮಾಡದೆ ಹೋಗಿದ್ದೆ. "ದಿನಕ್ಕೆ ಎಷ್ಟು ಸಲ ಆಗುತ್ತದೆ?" ಎಂದು ಡಾಕ್ಟರ್ ಕೇಳಿದರು. "ತುಂಬಾ ಸಲ" ಎಂದೆ. ಅವರು ಪೆನ್ನು ಹಿಡಿದು ಸುಮ್ಮನೆ ಕಾಯುತ್ತಿದ್ದರು. ಅವರಿಗೆ ಸಂಖ್ಯೆ ಬೇಕಿತ್ತು, ನನ್ನ ಹತ್ತಿರ ಇರಲಿಲ್ಲ.

ಈ ಟ್ರಯಲ್‌ಗಳು ನಡೆಯುವುದೇ ಆ ಸಂಖ್ಯೆಯ ಮೇಲೆ. ಶುಗರ್, ಬಿಪಿ ಆದರೆ ಮೆಷಿನ್ ಹೇಳುತ್ತದೆ. ಹಾಟ್ ಫ್ಲಾಶ್ ಎಷ್ಟು ಬಂತು ಅಂತ ಹೇಳಬೇಕಾದವರು ನೀವೇ. ಔಷಧಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2003ರಲ್ಲಿ ಹೊರಡಿಸಿದ ಕರಡು ಮಾರ್ಗಸೂಚಿಯ ಪ್ರಕಾರ ಇಂಥ ಟ್ರಯಲ್‌ಗೆ ಸೇರುವವರಿಗೆ ದಿನಕ್ಕೆ ಕನಿಷ್ಠ 7–8 ಸಲ, ಇಲ್ಲವೇ ವಾರಕ್ಕೆ 50–60 ಸಲ ಆಗುತ್ತಿರಬೇಕು. ಅದೂ ಮಧ್ಯಮ ಅಥವಾ ತೀವ್ರ ಮಟ್ಟದ್ದು. ಬರೀ ಬಿಸಿಯಾಗಿ ಹೋದರೆ, ಬೆವರು ಬರದಿದ್ದರೆ, ಅದು ಸೌಮ್ಯ, ಈ ಲೆಕ್ಕಕ್ಕೆ ಬರುವುದಿಲ್ಲ. ಬಿಸಿಯ ಜೊತೆ ಬೆವರು ಬಂದು ಕೆಲಸ ಮುಂದುವರಿಸಲು ಆದರೆ ಮಧ್ಯಮ. ಬೆವರು ಬಂದು ಕೆಲಸ ನಿಲ್ಲಿಸಲೇಬೇಕಾದರೆ ತೀವ್ರ. ಎಲ್ಲ ಟ್ರಯಲ್‌ಗೂ ಇದೇ ನಿಯಮ ಅಂತಲ್ಲ, ಆದರೆ ಔಷಧದ ದೊಡ್ಡ ಟ್ರಯಲ್‌ಗಳಲ್ಲಿ ಇದಕ್ಕೆ ಹತ್ತಿರದ ಅಳತೆಯೇ ಇರುತ್ತದೆ.

ಹಗಲಿನ ಲೆಕ್ಕ ಸುಲಭ. ರಾತ್ರಿಯದ್ದೇ ಕಷ್ಟ. ಮೂರು ಗಂಟೆಗೆ ಎದೆಯಿಂದ ಶುರುವಾಗಿ ಕುತ್ತಿಗೆಗೆ, ಮುಖಕ್ಕೆ ಏರುತ್ತದೆ, ಹೊದಿಕೆ ಒದ್ದು ತೆಗೆಯುತ್ತೀರಿ, ಕುತ್ತಿಗೆಯ ಹಿಂದೆ ಕೂದಲು ಒದ್ದೆ, ದಿಂಬು ತಿರುವಿ ಹಾಕುತ್ತೀರಿ, ಐದು ನಿಮಿಷದಲ್ಲಿ ಚಳಿಯಾಗಿ ಅದೇ ಹೊದಿಕೆಗೆ ತಡಕಾಡುತ್ತೀರಿ. ಬೆಳಗ್ಗೆ ಎದ್ದರೆ ಅದು ಎರಡು ಸಲವೋ ನಾಲ್ಕು ಸಲವೋ ನೆನಪೇ ಇರುವುದಿಲ್ಲ. ನಾನು ದಿಂಬಿನ ಪಕ್ಕ ಚೀಟಿ, ಪೆನ್ಸಿಲ್ ಇಟ್ಟುಕೊಂಡಿದ್ದೆ. ದೀಪ ಹಾಕದೆ ಕತ್ತಲಲ್ಲೇ ಒಂದು ಗೀಟು. ಬೆವರಿದ್ದರೆ ಅದರ ಮೇಲೊಂದು ಅಡ್ಡಗೀಟು. ಬೆಳಗ್ಗೆ ಗೀಟು ಎಣಿಸಿ ಬರೆದುಕೊಳ್ಳುತ್ತಿದ್ದೆ.

ಸಂಖ್ಯೆ ಕಡಿಮೆ ಬಂದರೆ ಜಾಸ್ತಿ ಮಾಡಿ ಹೇಳಬೇಡಿ. ಹೇಗಾದರೂ ಸೇರಬೇಕು ಅನ್ನುವ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಶುರುವಿನಲ್ಲಿ ಹತ್ತು ಎಂದು ಹೇಳಿ ಆಮೇಲೆ ನಿಜವಾದ ಐದನ್ನು ಬರೆದರೆ, ಏನೂ ಕೆಲಸ ಮಾಡದ ಮಾತ್ರೆಯೂ ಅರ್ಧಕ್ಕರ್ಧ ಇಳಿಸಿದ ಹಾಗೆ ಕಾಣುತ್ತದೆ. ನಮ್ಮ ಹಿಂದೆ ಬರುವ ಹೆಂಗಸರು ಆ ಲೆಕ್ಕ ನಂಬಿ ಔಷಧ ತೆಗೆದುಕೊಳ್ಳುವವರು, ಅಲ್ವಾ?

ಈಗ ಟ್ರಯಲ್ ಹುಡುಕುವುದು. ಅಮೆರಿಕ ಸರ್ಕಾರದ ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್‌ನಲ್ಲಿ ಬೇರೆ ಬೇರೆ ದೇಶಗಳ ಟ್ರಯಲ್‌ಗಳೂ ಇರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಟ್ರಯಲ್ ಪೋರ್ಟಲ್‌ನಲ್ಲಿ ಹಲವು ದೇಶಗಳ ನೋಂದಣಿ ಒಂದೇ ಕಡೆ ಸಿಗುತ್ತದೆ. ಹುಡುಕುವಾಗ 'ಹಾಟ್ ಫ್ಲಾಶಸ್' ಒಂದನ್ನೇ ಹಾಕಬೇಡಿ. ಡಾಕ್ಟರುಗಳು ಇದನ್ನು 'ವ್ಯಾಸೊಮೋಟರ್ ಸಿಂಪ್ಟಮ್ಸ್' ಎಂದು ಬರೆಯುತ್ತಾರೆ, ಅದನ್ನೂ ಇಂಗ್ಲಿಷಿನಲ್ಲಿ ಹಾಕಿ ನೋಡಿ. 'ರಿಕ್ರೂಟಿಂಗ್' ಎಂದಿದ್ದರೆ ಮಾತ್ರ ಈಗ ಜನರನ್ನು ಸೇರಿಸಿಕೊಳ್ಳುತ್ತಿದ್ದಾರೆ ಅಂತ ಅರ್ಥ. ಮಾತ್ರೆಯೇ ಬೇಕು ಅಂತಿಲ್ಲ. ಮಾತಿನ ಚಿಕಿತ್ಸೆ, ಹಿಪ್ನಾಸಿಸ್ ಮೇಲೂ ಟ್ರಯಲ್‌ಗಳು ನಡೆದಿವೆ.

ಟ್ರಯಲ್ ಸಿಕ್ಕಿದ ಮೇಲೆ ಯಾರನ್ನು ಸೇರಿಸುತ್ತಾರೆ, ಯಾರನ್ನು ಬಿಡುತ್ತಾರೆ ಎನ್ನುವ ಭಾಗ ಮೊದಲು ಓದಿ. ಸಾಮಾನ್ಯವಾಗಿ ಮುಟ್ಟು ನಿಂತು 12 ತಿಂಗಳು ಆಗಿರಬೇಕು. ಆರೇಳು ತಿಂಗಳಾಗಿದ್ದರೆ ಮುಟ್ಟು ನಿಂತಾಗ ರಕ್ತದಲ್ಲಿ ಏರುವ ಎಫ್‌ಎಸ್‌ಎಚ್ ಹಾರ್ಮೋನ್ ನೋಡಿ ತೀರ್ಮಾನಿಸುವುದುಂಟು. ಆಪರೇಷನ್‌ನಲ್ಲಿ ಎರಡೂ ಅಂಡಾಶಯ ತೆಗೆಸಿಕೊಂಡವರಿಗೆ ಅಷ್ಟು ಕಾಯಬೇಕಿಲ್ಲ, ಆರು ವಾರ ಸಾಕು. ಸ್ತನ ಕ್ಯಾನ್ಸರ್ ಆಗಿದ್ದವರನ್ನು ಎಷ್ಟೋ ಟ್ರಯಲ್‌ಗಳಲ್ಲಿ ತೆಗೆದುಕೊಳ್ಳುವುದಿಲ್ಲ. ಆದರೆ ಅವರಿಗಾಗಿಯೇ ನಡೆಸುವುದೂ ಇದೆ. ಎಲಿಂಜಾನೆಟಾಂಟ್ ಎಂಬ ಮಾತ್ರೆಯನ್ನು ಸ್ತನ ಕ್ಯಾನ್ಸರ್‌ಗೆ ಹಾರ್ಮೋನ್ ತಡೆಯುವ ಔಷಧ ತೆಗೆದುಕೊಳ್ಳುತ್ತಿರುವ ಹೆಂಗಸರಲ್ಲಿ ಬೇರೆಯಾಗಿ ಪರೀಕ್ಷಿಸಿದ್ದಾರೆ. ಒಂದು ಕಡೆ ಇಲ್ಲ ಅಂದರು ಅಂತ ಬಿಟ್ಟುಬಿಡಬೇಡಿ. ಇನ್ನೊಂದು ಮಾತು, ಮುಟ್ಟು ಪೂರ್ತಿ ನಿಂತ ಮೇಲೆ ರಕ್ತ ಕಾಣಿಸಿಕೊಂಡಿದ್ದರೆ ಟ್ರಯಲ್ ವಿಷಯ ಆಮೇಲೆ. ಮೊದಲು ನಿಮ್ಮ ಡಾಕ್ಟರ್ ಹತ್ತಿರ ಹೋಗಿ.

ಹಾಟ್ ಫ್ಲಾಶ್‌ಗೆ ಈಗಾಗಲೇ ಹಾರ್ಮೋನ್ ತೆಗೆದುಕೊಳ್ಳುತ್ತಿದ್ದರೆ ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಹಳೆಯ ಔಷಧ ಮೈಯಿಂದ ಪೂರ್ತಿ ಹೋಗುವವರೆಗೂ ಕಾಯಿಸುತ್ತಾರೆ, ಇದಕ್ಕೆ ವಾಶ್‌ಔಟ್ ಅನ್ನುತ್ತಾರೆ. ಅದೇ 2003ರ ಮಾರ್ಗಸೂಚಿಯಲ್ಲಿ ಈಸ್ಟ್ರೊಜನ್ ಹಾರ್ಮೋನಿನ ಪ್ಯಾಚ್ ಹಚ್ಚುತ್ತಿದ್ದವರಿಗೆ ನಾಲ್ಕು ವಾರ, ಮಾತ್ರೆ ನುಂಗುತ್ತಿದ್ದವರಿಗೆ ಎಂಟು ವಾರ. ಅಂದರೆ ಟ್ರಯಲ್ ಶುರುವಾಗುವ ಮೊದಲೇ ಒಂದೆರಡು ತಿಂಗಳು ಏನೂ ಇಲ್ಲದೆ ಇರಬೇಕು, ಹಾಟ್ ಫ್ಲಾಶ್ ಎಲ್ಲ ವಾಪಸ್ ಬರಬಹುದು, ಅಷ್ಟಾದ ಮೇಲೂ ಪರೀಕ್ಷೆಯಲ್ಲಿ ನಿಮ್ಮನ್ನು ಬಿಡಬಹುದು. ಈಗಿನ ಔಷಧದಲ್ಲಿ ನೆಮ್ಮದಿಯಾಗಿದ್ದೀರಿ ಅಂದರೆ ಬಿಡಬೇಡಿ ಅಂತಲೇ ನಾನು ಹೇಳುವುದು. ಬಿಡುವುದಾದರೂ ಡಾಕ್ಟರನ್ನು ಕೇಳದೆ ನೀವೇ ನಿಲ್ಲಿಸಬೇಡಿ.

ಆಮೇಲೆ ಒಪ್ಪಿಗೆ ಪತ್ರ. ಇದರ ಬಗ್ಗೆ ನನಗೆ ಹೇಳಲು ಜಾಸ್ತಿ ಇದೆ. ನಾನು ಮೊದಲು ಹೋದ ಕಡೆ ಇಪ್ಪತ್ತು ಪುಟದ ಪತ್ರ ಮುಂದಿಟ್ಟು, ಕೊನೆಯ ಪುಟ ತೆಗೆದು, "ಇಲ್ಲಿ ಸಹಿ ಹಾಕಿ, ಎಲ್ಲರೂ ಹಾಕುತ್ತಾರೆ" ಎಂದರು. ಮನೆಗೆ ಒಯ್ದು ಓದಿ ತರುತ್ತೇನೆ ಎಂದೆ. ಅವರ ಮುಖ ಸಣ್ಣದಾಯಿತು. ನಾನು ಮತ್ತೆ ಅಲ್ಲಿಗೆ ಹೋಗಲಿಲ್ಲ. ಎರಡನೆಯ ಕಡೆ ಅವರೇ ಪತ್ರ ಕೈಗೆ ಕೊಟ್ಟು, ಓದಿಕೊಂಡು ಬನ್ನಿ, ಮನೆಯವರನ್ನೂ ಕರೆದುಕೊಂಡು ಬನ್ನಿ ಅಂದರು. ಅರ್ಥವಾಗುವ ಭಾಷೆಯಲ್ಲಿ ಪತ್ರ ಕೇಳುವುದು, ಓದಲು ಸಮಯ ಕೇಳುವುದು ನಿಮ್ಮ ಹಕ್ಕು. ಸಹಿ ಹಾಕಿದ ಮೇಲೂ ಯಾವ ದಿನ ಬೇಕಾದರೂ ಕಾರಣ ಹೇಳದೆ ಹೊರಗೆ ಬರಬಹುದು, ಅದರಿಂದ ನಿಮ್ಮ ಮಾಮೂಲಿ ಚಿಕಿತ್ಸೆಗೆ ತೊಂದರೆ ಆಗಬಾರದು. ಪತ್ರದಲ್ಲಿ ಆ ಸಾಲು ಇದೆಯಾ ಅಂತ ಹುಡುಕಿ.

ನನ್ನ ಚೀಟಿಯಲ್ಲಿದ್ದ ಪ್ರಶ್ನೆಗಳು ಇವು. ಟ್ರಯಲ್‌ನಿಂದ ಏನಾದರೂ ತೊಂದರೆಯಾದರೆ ಚಿಕಿತ್ಸೆಯ ಖರ್ಚು ಯಾರದು, ಪರಿಹಾರ ಉಂಟಾ? ರಾತ್ರಿ ಹೊತ್ತು ಏನಾದರೂ ಆದರೆ ಯಾವ ನಂಬರಿಗೆ ಫೋನ್ ಮಾಡಬೇಕು, ಎತ್ತುವವರು ಯಾರು? ಸೇರಿದವರ ಹಿತ ಕಾಯುವ ಎಥಿಕ್ಸ್ ಕಮಿಟಿ ಒಪ್ಪಿದೆಯಾ? ಪ್ಲಸೀಬೊ ಗುಂಪಿಗೆ ಬಿದ್ದರೆ ಆಮೇಲೆ ನಿಜವಾದ ಔಷಧ ಕೊಡುತ್ತಾರಾ? ಟ್ರಯಲ್ ಮುಗಿದ ಮೇಲೆ ಔಷಧ ಸಿಗುತ್ತದಾ? ಎಷ್ಟು ಸಲ ಬರಬೇಕು, ಬಂದು ಹೋಗುವ ಖರ್ಚು ಕೊಡುತ್ತಾರಾ? ನೀವೇ ದುಡ್ಡು ಕಟ್ಟಿ ಸೇರಬೇಕು ಅಂದರೆ ಮಾತ್ರ ಎದ್ದು ಬನ್ನಿ.

ಪ್ಲಸೀಬೊ ಅಂದರೆ ಔಷಧ ಇಲ್ಲದ, ನೋಡಲು ಹಾಗೇ ಇರುವ ಮಾತ್ರೆ. ಯಾರಿಗೆ ಯಾವುದು ಅಂತ ನಿಮಗೂ ಗೊತ್ತಿರುವುದಿಲ್ಲ, ಡಾಕ್ಟರಿಗೂ ಗೊತ್ತಿರುವುದಿಲ್ಲ. ತುರ್ತು ಬಂದರೆ ಮಾತ್ರ ತೆರೆದು ನೋಡುತ್ತಾರೆ. ಇದು ಮೋಸ ಅಂತ ಕೆಲವರಿಗೆ ಅನಿಸುತ್ತದೆ. ಆದರೆ ಹಾರ್ಮೋನ್ ಮಾತ್ರೆಗಳ ಟ್ರಯಲ್‌ಗಳನ್ನೆಲ್ಲ ಒಟ್ಟು ಸೇರಿಸಿ ನೋಡಿದ, ಕೊಕ್ರೇನ್ ಎಂಬ ಸಂಸ್ಥೆಯ ವಿಮರ್ಶೆಯಲ್ಲಿ ಪ್ಲಸೀಬೊ ತೆಗೆದುಕೊಂಡವರಿಗೇ ಹಾಟ್ ಫ್ಲಾಶ್ ಸುಮಾರು 58 ಶೇಕಡ ಇಳಿದಿತ್ತು. ಹೋಲಿಸಲು ಆ ಗುಂಪು ಇಲ್ಲದಿದ್ದರೆ ಯಾವ ಔಷಧವೂ ಅದ್ಭುತ ಅನಿಸಿಬಿಡುತ್ತದೆ. ಹಾಗಾಗಿ ಕಡಿಮೆಯಾಯಿತು ಅಂದ ಮಾತ್ರಕ್ಕೆ ನನಗೆ ಔಷಧವೇ ಸಿಕ್ಕಿದೆ ಅಂತ ಊಹಿಸಬೇಡಿ. ಕಡಿಮೆಯಾಗಲಿಲ್ಲ ಅಂತ ಮಾತ್ರೆ ಬಿಡಲೂ ಬೇಡಿ.

ಸಹಿ ಆದ ಮೇಲೆ ಪರೀಕ್ಷೆಗಳು. ರಕ್ತ, ಇಸಿಜಿ, ಬಿಪಿ, ಮ್ಯಾಮೊಗ್ರಾಮ್, ಗರ್ಭಕೋಶದ ಸ್ಕ್ಯಾನ್ ಕೇಳಬಹುದು. ಕೆಲವು ಕಡೆ ಗರ್ಭಕೋಶದ ಒಳಪದರದ ಚೂರು ತೆಗೆದು ನೋಡುತ್ತಾರೆ, ಅದು ನೋವಾಗುತ್ತದೆ, ಮೊದಲೇ ಕೇಳಿಕೊಳ್ಳಿ. ಲಿವರ್ ಪರೀಕ್ಷೆ ತಪ್ಪಿಸಬೇಡಿ, ಕಾರಣ ಇದೆ. ಮೈಯ ಬಿಸಿ ನೋಡಿಕೊಳ್ಳುವ ಮೆದುಳಿನ ಭಾಗದಲ್ಲಿ ಕೆಲವು ನರಕೋಶಗಳು ಈಸ್ಟ್ರೊಜನ್ ಇಳಿದಾಗ ಅತಿಯಾಗಿ ಕೆಲಸ ಮಾಡುತ್ತವೆ, ಹೊಸ ಮಾತ್ರೆಗಳು ಅದನ್ನು ತಡೆಯುತ್ತವೆ. ಅಂಥ ಮೊದಲ ಮಾತ್ರೆ ಫೆಜೊಲಿನೆಟಾಂಟ್‌ಗೆ ಎಫ್‌ಡಿಎ 2023ರ ಮೇ ತಿಂಗಳಲ್ಲಿ ಒಪ್ಪಿಗೆ ಕೊಟ್ಟಿತು. 2024ರ ಡಿಸೆಂಬರ್‌ನಲ್ಲಿ, ಅಪರೂಪಕ್ಕೆ ಲಿವರ್‌ಗೆ ಗಂಭೀರ ಪೆಟ್ಟಾಗಬಹುದು ಎಂಬ ಎಚ್ಚರಿಕೆಯನ್ನು ಅದರ ಮೇಲೆ ಹಾಕಿಸಿತು. ಒಪ್ಪಿಗೆ ಸಿಕ್ಕ ಔಷಧದ ಕಥೆಯೇ ಹೀಗಿರುವಾಗ ಟ್ರಯಲ್‌ನಲ್ಲಿರುವ ಔಷಧಕ್ಕೆ ರಕ್ತ ಕೊಡಲು ಬೇಸರ ಮಾಡಿಕೊಳ್ಳಬಾರದು. ಮೈ ಕಣ್ಣು ಹಳದಿಯಾದರೆ, ಮೂತ್ರ ಕಪ್ಪಗಾದರೆ, ತಡೆಯಲಾರದ ಸುಸ್ತು, ತುರಿಕೆ ಬಂದರೆ ಮುಂದಿನ ಭೇಟಿಯವರೆಗೆ ಕಾಯದೆ ಆಗಲೇ ಫೋನ್ ಮಾಡಿ. ಆಯ್ಕೆ ಆಗದಿದ್ದರೂ ರಿಪೋರ್ಟ್‌ಗಳ ಕಾಪಿ ಕೇಳಿ ಪಡೆಯಿರಿ.

ಶುರುವಾದ ಮೇಲೆ ಮುಖ್ಯ ಭಾಗ ಸಾಮಾನ್ಯವಾಗಿ 12 ವಾರ. 4ನೇ ವಾರ, 12ನೇ ವಾರದ ಲೆಕ್ಕವನ್ನು ವಿಶೇಷವಾಗಿ ನೋಡುತ್ತಾರೆ. ಕೆಲವು ಟ್ರಯಲ್ ವರ್ಷದವರೆಗೂ ಹೋಗುತ್ತವೆ. ಪದೇ ಪದೇ ಹಾಟ್ ಫ್ಲಾಶ್ ಬರುವವರಲ್ಲಿ ಇದು ಸರಾಸರಿ ಏಳು ವರ್ಷಕ್ಕೂ ಮೇಲೆ ಇರುತ್ತದೆ ಎಂದು ಅಮೆರಿಕದ ಸ್ವಾನ್ ಅಧ್ಯಯನ 2015ರಲ್ಲಿ ಹೇಳಿತು, ಅದನ್ನು ನೆನೆಸಿಕೊಂಡೇ ನಾನು 12 ವಾರ ಕಳೆದೆ. ಡೈರಿ ಆಯಾ ದಿನವೇ ತುಂಬಿ. ಮೂರು ದಿನದ್ದು ಒಟ್ಟಿಗೆ ಕೂತು ಬರೆದರೆ ಅದು ಊಹೆ. ಮರೆತಿದ್ದರೆ ಮರೆತೆ ಅಂತಲೇ ಹೇಳಿ. ಸುಮ್ನೆ ತಲೆನೋವು ಅಂತ ನುಂಗಿದ ಮಾತ್ರೆ, ಯಾರೋ ಹೇಳಿದ ಗಿಡಮೂಲಿಕೆ, ನಿದ್ದೆ ಮಾತ್ರೆ, ಎಲ್ಲವನ್ನೂ ತಿಳಿಸಿ.

ಕೊನೆಯ ಭೇಟಿಗೆ ಉಳಿದ ಮಾತ್ರೆ, ಮಾತ್ರೆಯ ಖಾಲಿ ಸ್ಟ್ರಿಪ್ ಎಲ್ಲ ಒಯ್ಯಬೇಕು, ಅವರು ಒಂದೊಂದೇ ಎಣಿಸುತ್ತಾರೆ. ನೀವು ಯಾವ ಗುಂಪಿನಲ್ಲಿದ್ದಿರಿ ಅಂತ ಅವತ್ತೇ ಹೇಳುವುದಿಲ್ಲ, ಎಲ್ಲರದ್ದೂ ಮುಗಿಯಬೇಕು. ಯಾವಾಗ ತಿಳಿಸುತ್ತೀರಿ ಅಂತ ಕೇಳಿ, ಪತ್ರದಲ್ಲೇ ತಿಳಿಸಿ ಎನ್ನಿ. ಆ ಪತ್ರ ಬಂದ ದಿನ ಒಂದು ಕಾಪಿ ಮಾಡಿಸಿ ನಿಮ್ಮ ಮಾಮೂಲಿ ಡಾಕ್ಟರಿಗೆ ಕೊಡಿ. ಮುಂದೆ ಯಾವ ಔಷಧ ಬರೆಯುವಾಗಲೂ ಅವರಿಗೆ ಅದು ಬೇಕಾಗುತ್ತದೆ.