ಗ್ಯಾಲರಿ ಇಲ್ಲದ ಊರಲ್ಲಿ ಚಿತ್ರ ಪ್ರದರ್ಶನ ಇಡುವ ಬಗೆ

ಶಿರಸಿಯಲ್ಲಿ ನನ್ನದು ಫೋಟೋಕ್ಕೆ ಕಟ್ಟು ಹಾಕುವ ಅಂಗಡಿ. ಇಪ್ಪತ್ತೆರಡು ವರ್ಷವಾಯಿತು. ದೇವರ ಪಟ, ಮದುವೆ ಫೋಟೋ, ತೀರಿಕೊಂಡ ಅಜ್ಜಂದಿರ ಫೋಟೋ, ಇದೇ ಹೊಟ್ಟೆಪಾಡು. ಆದರೆ ಊರಲ್ಲಿ ಯಾರ್ಯಾರು ಚಿತ್ರ ಬರೆಯುತ್ತಾರೆ ಅನ್ನುವುದು ನನಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರಲಿಕ್ಕಿಲ್ಲ. ಡ್ರಾಯಿಂಗ್ ಮಾಸ್ತರರು, ಬ್ಯಾಂಕಿನಿಂದ ಬಂದು ರಾತ್ರಿ ಜಲವರ್ಣ ಹಿಡಿದು ಕೂರುವವರು, ಕಲಾಶಾಲೆ ಮುಗಿಸಿ ತೋಟ ನೋಡಿಕೊಳ್ಳಲು ವಾಪಸ್ ಬಂದ ಹುಡುಗರು, ಎಲ್ಲರೂ ಒಂದಲ್ಲ ಒಂದು ದಿನ ನನ್ನ ಅಂಗಡಿಗೆ ಬರುತ್ತಾರೆ. ಬಂದವರು ಕೇಳುವುದೂ ಒಂದೇ. 'ಇಲ್ಲಿ ಪ್ರದರ್ಶನ ಇಡೋದು ಹೆಂಗೆ?' ಐದಾರು ಪ್ರದರ್ಶನಗಳಲ್ಲಿ ಏಣಿ ಹತ್ತಿದ್ದೇನೆ. ಗೊತ್ತಿದ್ದಷ್ಟು ಹೇಳುತ್ತೇನೆ.

ಮೊದಲು ತಿಂಗಳು ಗೊತ್ತು ಮಾಡಿ, ಜಾಗ ಆಮೇಲೆ. ಜೂನ್‌ನಿಂದ ಸೆಪ್ಟೆಂಬರ್ ಬೇಡವೇ ಬೇಡ. ನಮ್ಮ ಮಳೆಗೆ ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ, ಕಾಗದವನ್ನು ಬಿಟ್ಟೀತೇ? ನವೆಂಬರ್‌ನಿಂದ ಜನವರಿವರೆಗೆ ಅಡಿಕೆ ಕೊಯ್ಲು. ಸುಲಿಯುವುದು, ಬೇಯಿಸುವುದು, ಒಣಗಿಸುವುದರ ಮಧ್ಯೆ ತೋಟದವರು ಪೇಟೆಗೆ ಬಂದರೂ ಚಿತ್ರ ನೋಡಲು ನಿಲ್ಲುವುದಿಲ್ಲ. ಉಳಿದದ್ದು ಫೆಬ್ರುವರಿಯಿಂದ ಮೇ. ಅದರಲ್ಲೂ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಜಾತ್ರೆ ಇಲ್ಲದ ವರ್ಷ ಹೋಳಿ ಹಬ್ಬಕ್ಕೆ ಬೇಡರ ವೇಷದ ಕುಣಿತ ಇರುತ್ತದೆ. ಆ ದಿನಗಳನ್ನು ಬಿಡಿ. ಜಾತ್ರೆಯಲ್ಲಿ ಇಟ್ಟರೆ ಜನ ಬರುತ್ತಾರೆ ನಿಜ, ಆದರೆ ತೊಟ್ಟಿಲು ಹತ್ತಿ ಇಳಿದು, ಕೈಯಲ್ಲಿ ಜಿಲೇಬಿ ಹಿಡಿದುಕೊಂಡು ಬರುತ್ತಾರೆ. ಇನ್ನೊಂದು ಮಾತು. ಅದೇ ಸಂಜೆ ಹತ್ತಿರದಲ್ಲಿ ಒಳ್ಳೆಯ ಮೇಳದ ಆಟ ಇದ್ದರೆ ನಿಮ್ಮ ಉದ್ಘಾಟನೆಗೆ ಬರೀ ಕುರ್ಚಿಗಳೇ ಗತಿ. ತಾರೀಕು ಅಚ್ಚು ಹಾಕಿಸುವ ಮೊದಲು ಯಕ್ಷಗಾನದ ಹುಚ್ಚಿರುವ ಒಬ್ಬರನ್ನು ಕೇಳಿ.

ಜಾಗಕ್ಕೆ ಶಾಲೆಯ ಹಾಲ್, ಸೊಸೈಟಿಯ ಸಭಾಭವನ, ಹಳೇ ಮನೆಯ ಜಗುಲಿ ಯಾವುದಾದರೂ ಆಗುತ್ತದೆ. ತೊಂದರೆ ಇರುವುದು ಮೊಳೆಯದು. ಗೋಡೆಗೆ ಮೊಳೆ ಹೊಡೆಯಲು ಯಾರೂ ಬಿಡುವುದಿಲ್ಲ. ನನ್ನ ಉಪಾಯ ಅಡಿಕೆ ದಬ್ಬೆ, ಅಂದರೆ ಅಡಿಕೆ ಮರ ಸೀಳಿದ ಉದ್ದ ಪಟ್ಟಿ. ಒಣಗಿದ ದಬ್ಬೆಯ ಸಿಬಿರು ತೆಗೆದು, ಕಂಬದಿಂದ ಕಂಬಕ್ಕೆ, ಇಲ್ಲವೇ ಕಿಟಕಿಯ ಸರಳಿಗೆ, ಎಂಟು ಅಡಿ ಎತ್ತರದಲ್ಲಿ ಅಡ್ಡ ಕಟ್ಟಿ. ಅದರಿಂದ ಮೀನು ಹಿಡಿಯುವ ತಂಗೂಸಿಯಲ್ಲಿ (ನೈಲಾನ್ ದಾರದಲ್ಲಿ) ಚಿತ್ರ ಇಳಿಬಿಡಿ. ಒಂದು ಚಿತ್ರಕ್ಕೆ ಎರಡು ಎಳೆ ಬೇಕು. ಒಂದೇ ಎಳೆಯಾದರೆ ಫ್ಯಾನ್ ಗಾಳಿಗೆ ಚಿತ್ರ ತಿರುಗಿ ಬೆನ್ನು ತೋರಿಸುತ್ತದೆ. ತಂಗೂಸಿಯಲ್ಲಿ ಸಾದಾ ಗಂಟು ನಿಲ್ಲುವುದಿಲ್ಲ, ಜಾರುತ್ತದೆ. ಕುಮಟಾದ ಮೀನುಗಾರರೊಬ್ಬರು ಐದು ಸುತ್ತು ಹಾಕಿ, ಒದ್ದೆ ಮಾಡಿ ಎಳೆಯುವ ಗಂಟು ಹೇಳಿಕೊಟ್ಟರು. ಅದನ್ನು ಕಲಿಯುವ ಮೊದಲು ಒಂದು ಗಾಜು ಒಡೆದಿದೆ. ಲೆಕ್ಕ ನನ್ನದೇ. ಭಾರಕ್ಕೆ ತಂಗೂಸಿ ರಾತ್ರಿಯಿಡೀ ಸ್ವಲ್ಪ ಹಿಗ್ಗುತ್ತದೆ. ಹಾಗಾಗಿ ಹಿಂದಿನ ದಿನವೇ ತೂಗುಹಾಕಿ, ಬೆಳಿಗ್ಗೆ ಸರಿಮಾಡಿ. ಚಿತ್ರದ ನಡುಭಾಗ ನೆಲದಿಂದ 57 ಇಂಚಿಗೆ ಬರಲಿ. ನಮ್ಮವರಿಗೆ ದೇವರ ಪಟದ ಹಾಗೆ ಬಾಗಿಲ ಮೇಲೆ ಏರಿಸುವ ಅಭ್ಯಾಸ, ಕತ್ತು ನೋಯುತ್ತದೆ. ಕಿಟಕಿಯ ಎದುರು ಗಾಜಿನ ಚಿತ್ರ ಬೇಡ, ಅದರಲ್ಲಿ ಅಂಗಳವೇ ಕಾಣುತ್ತದೆ.

ಕಟ್ಟಿನ ವಿಷಯ ಸ್ವಲ್ಪ ಉದ್ದ ಮಾಡುತ್ತೇನೆ, ನನ್ನ ಕಸುಬು ಅಲ್ವಾ. ಹತ್ತು ವರ್ಷದ ಹಿಂದೆ ಒಬ್ಬರ ಜಲವರ್ಣಕ್ಕೆ ಮೌಂಟ್ (ಚಿತ್ರದ ಸುತ್ತ ಬರುವ ದಪ್ಪ ರಟ್ಟಿನ ಅಂಚು) ಇಲ್ಲದೆ, ಗಾಜಿಗೆ ತಾಗಿಸಿ ಕಟ್ಟು ಹಾಕಿಕೊಟ್ಟೆ. ಒಂದೇ ಮಳೆಗಾಲಕ್ಕೆ ಬಣ್ಣ ಗಾಜಿಗೆ ಅಂಟಿಕೊಂಡಿತು. ಬಿಡಿಸಲು ಹೋದರೆ ಅರ್ಧ ಆಕಾಶ ಗಾಜಿನಲ್ಲೇ ಉಳಿಯಿತು. ಅವತ್ತಿನಿಂದ ಕಾಗದಕ್ಕೂ ಗಾಜಿಗೂ ನಡುವೆ ಮೌಂಟ್ ಬೋರ್ಡ್ ಇಡದೆ ನಾನು ಕಟ್ಟು ಹಾಕುವುದಿಲ್ಲ. ಬೋರ್ಡ್ ಆಸಿಡ್ ಇಲ್ಲದ್ದೇ ಆಗಲಿ, ಅಗ್ಗದ್ದು ಕೆಲವೇ ವರ್ಷದಲ್ಲಿ ಅಂಚಿಗೆ ಹಳದಿ ಹತ್ತಿಸುತ್ತದೆ. ಹಿಂದಿನ ನಾಲ್ಕೂ ಮೂಲೆಗೆ ಬೆಂಡಿನ ಚೂರು ಅಂಟಿಸಿ, ಗೋಡೆಗೂ ಕಟ್ಟಿಗೂ ನಡುವೆ ಗಾಳಿ ಆಡುತ್ತದೆ. ಕ್ಯಾನ್ವಾಸಿನ ತೈಲವರ್ಣಕ್ಕೆ ಗಾಜು ಬೇಕಿಲ್ಲ. ಕಾರವಾರಕ್ಕೆ ಒಯ್ಯುವುದಾದರೆ ಕಬ್ಬಿಣದ ಕೊಂಡಿ ಬೇಡ. ಉಪ್ಪುಗಾಳಿಗೆ ತುಕ್ಕು ಹಿಡಿದು ಕಾಗದಕ್ಕೆ ಕಲೆ ಬೀಳುತ್ತದೆ. ಹಿತ್ತಾಳೆ ಇಲ್ಲವೇ ಸ್ಟೀಲ್ ಹಾಕಿಸಿ.

'ಜನರಿಗೆ ಮಾಡರ್ನ್ ಆರ್ಟ್ ಅರ್ಥ ಆಗ್ತದಾ?' ಅಂತ ಹುಡುಗರು ಹೆದರುತ್ತಾರೆ. ನಮ್ಮ ಜನ ಮಾರಿಕಾಂಬಾ ಗುಡಿಯ ಗೋಡೆಯ ಮೇಲೆ ಕಾವಿ ಚಿತ್ರ ನೋಡುತ್ತಲೇ ಬೆಳೆದವರು. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಬಳಿದು, ಹಸಿ ಇರುವಾಗಲೇ ಕಂಟ ಅನ್ನುವ ಚೂಪು ಕಡ್ಡಿಯಿಂದ ಕೆರೆದು ಒಳಗಿನ ಬಿಳಿ ತೆಗೆಯುವ ಕೆಲಸ ಅದು. ಗೀಟು ತಪ್ಪಿದರೆ ಅಳಿಸಲಿಕ್ಕಿಲ್ಲ. ಕರಾವಳಿಯಲ್ಲಿ ಜೀರ್ಣೋದ್ಧಾರದ ಹೆಸರಲ್ಲಿ ಎಷ್ಟೋ ಗುಡಿಗಳ ಕಾವಿ ಗೋಡೆ ಹೋಗಿಯೇ ಬಿಟ್ಟಿತು. ಹೊನ್ನಾವರದ ಲೇಖಕ ಕೃಷ್ಣಾನಂದ ಕಾಮತರು ಫೋಟೋ ತೆಗೆದು, ಅದರ ಬಗ್ಗೆ ಬರೆದಿಟ್ಟರು, ಪುಣ್ಯ. ನಿಮ್ಮ ಕೆಲಸ ಎಷ್ಟೇ ಹೊಸದಿರಲಿ, ಬಾಗಿಲಲ್ಲಿ ಮೊದಲು ಜನರಿಗೆ ಗುರುತಿರುವ ಒಂದು ಚಿತ್ರ ಇಡಿ. ಒಬ್ಬ ಹುಡುಗ ಒಡೆದ ಕಾವಿ ಗೋಡೆಯನ್ನೇ ದೊಡ್ಡ ಕ್ಯಾನ್ವಾಸ್ ಮಾಡಿ ಮುಂದೆ ಇಟ್ಟಿದ್ದ. ಮುದುಕರೆಲ್ಲ ಅಲ್ಲಿ ನಿಂತು, ಆಮೇಲೆ ನಿಧಾನಕ್ಕೆ ಒಳಗೆ ಹೋದರು.

ಹಸೆ ಚಿತ್ತಾರ ಇಡುವವರಿಗೆ ಒಂದು ಜಗಳದ ಮಾತು. ಸಿದ್ದಾಪುರ, ಸಾಗರದ ಕಡೆಯ ದೀವರ ಸಮುದಾಯದ ಹೆಂಗಸರು ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಿಂದ ಎಳೆಯುವ ಗೆರೆ ಕೂದಲಿನಷ್ಟು ಸಪೂರ. ಅದನ್ನು ತಂದು ಕೆಳಗೆ 'ಜಾನಪದ ಕಲೆ' ಅಂತ ಚೀಟಿ ಅಂಟಿಸುತ್ತಾರೆ. ಬರೆದ ಅಕ್ಕ ಅಲ್ಲೇ ಪಕ್ಕದಲ್ಲಿ ಸೆರಗು ಹೊದ್ದು ನಿಂತಿರುತ್ತಾರೆ! ಮಾಸ್ತರರ ಚಿತ್ರದ ಕೆಳಗೆ ಹೆಸರು, ಊರು, ವರ್ಷ ಬರೆದ ಹಾಗೆಯೇ ಅವರದನ್ನೂ ಬರೆಯಿರಿ.

ಬೆಲೆಯನ್ನೂ ಬರೆಯಿರಿ. ಶಿರಸಿಯಲ್ಲಿ ಬೆಲೆ ಕಾಣದಿದ್ದರೆ ಯಾರೂ ಕೇಳುವುದಿಲ್ಲ. ಕೇಳಿದರೆ ಕೊಳ್ಳಲೇಬೇಕಾಗ್ತದೇನೋ ಅಂತ ಸಂಕೋಚ. 'ಚೊಲೋ ಆಜು' (ಚೆನ್ನಾಗಿ ಆಗಿದೆ) ಅಂದು ಮೆಲ್ಲಗೆ ಮುಂದೆ ಹೋಗುತ್ತಾರೆ. ಬೆಲೆ ಕಟ್ಟುವುದು ಹೇಗೆ? ಕಾಗದ 200, ಬಣ್ಣ 300, ಕಟ್ಟು 1,100 ಅಂದುಕೊಳ್ಳಿ, ಅಲ್ಲಿಗೆ 1,600 ಕೈಯಿಂದ ಹೋಯಿತು. ಅದರ ಮೇಲೆ ನಿಮ್ಮ ದಿನಗಳಿಗೆ ಅಡಿಕೆ ಕೊನೆ ಇಳಿಸುವ ಕೊನೆಗೌಡನ ಕೂಲಿಯನ್ನಾದರೂ ಸೇರಿಸಿ. ಅವನು ಮರ ಹತ್ತುತ್ತಾನೆ, ನೀವು ಹತ್ತುವುದಿಲ್ಲ, ಆದರೂ ಸೇರಿಸಿ. ಜೊತೆಗೆ ಕಟ್ಟಿಲ್ಲದ ಚಿಕ್ಕ ಚಿತ್ರಗಳನ್ನು 500ರ ಒಳಗೆ ಒಂದು ಮೇಜಿನ ಮೇಲೆ ಇಡಿ. ಗೋಕರ್ಣದಲ್ಲಂತೂ ಅದೇ ಹೋಗುವುದು. ಬೆನ್ನಿಗೆ ಚೀಲ ಹಾಕಿಕೊಂಡು ಬರುವವರು ಗಾಜಿನ ಕಟ್ಟು ಎಲ್ಲಿ ಒಯ್ಯುತ್ತಾರೆ? ಮಾರಾಟವಾದದ್ದಕ್ಕೆ ಚೀಟಿಯ ಮೇಲೆ ಕೆಂಪು ಬಿಂದಿ ಅಂಟಿಸಿ. ಮೊದಲ ಬಿಂದಿ ಬಿದ್ದ ಮೇಲೆ ಉಳಿದವರ ಸಂಕೋಚ ಕಡಿಮೆಯಾಗುವುದನ್ನು ನಾನೇ ನೋಡಿದ್ದೇನೆ.

ಉದ್ಘಾಟನೆ ಬೆಳಿಗ್ಗೆ ಹನ್ನೊಂದಕ್ಕೆ ಇಡಿ. ಸಂಜೆಯಾದರೆ ಹಳ್ಳಿಯವರಿಗೆ ಬಸ್ಸಿನ ಚಿಂತೆ. ಕಾರವಾರದಲ್ಲಿ ಇದು ಉಲ್ಟಾ, ಅಲ್ಲಿ ಜನ ಸಂಜೆ ಕಡಲ ದಂಡೆಗೆ ತಿರುಗಲು ಬರುತ್ತಾರೆ, ಆಗಲೇ ಬಾಗಿಲು ತೆರೆದಿರಲಿ. ಭಾಷಣ ಇಬ್ಬರದು ಸಾಕು. ತಿನ್ನಲು ಎಣ್ಣೆಯ ಅವಲಕ್ಕಿ, ಮಂಡಕ್ಕಿ ಬೇಡ, ಬೆರಳು ನೇರ ಚಿತ್ರಕ್ಕೆ ಹೋಗುತ್ತದೆ. ಬಾಳೆಹಣ್ಣು, ಕಷಾಯ ಕೊಡಿ. ಬಾಗಿಲ ಹತ್ತಿರ ಒಂದು ವಹಿ ಇಟ್ಟು ಹೆಸರು, ಫೋನ್ ನಂಬರ್ ಬರೆಸಿಕೊಳ್ಳಿ. ಚಿತ್ರ ಬೇಕು ಅಂದವರಿಗೆ ಅರ್ಧ ಹಣ ಅಲ್ಲೇ ಇಸಿದುಕೊಂಡು ರಸೀದಿ ಕೊಡಿ. 'ಆಮೇಲೆ ಬಂದು ಒಯ್ತೆ' ಅಂದ ಎರಡು ಚಿತ್ರ ಇನ್ನೂ ನನ್ನ ಅಟ್ಟದ ಮೇಲಿವೆ.

ಕೊನೆಯ ದಿನ ಚಿತ್ರಗಳನ್ನು ಹಳೇ ಹತ್ತಿ ಸೀರೆಯಲ್ಲಿ ಸುತ್ತಿ. ಪ್ಲಾಸ್ಟಿಕ್ ಬೇಡ, ಒಳಗೆ ಬೆವರುತ್ತದೆ. ದಬ್ಬೆಯನ್ನು ತಂದ ಮನೆಗೆ ಅದೇ ವಾರ ವಾಪಸ್ ಮಾಡಿ. ಮದುವೆ ದಿನಗಳು ಹತ್ತಿರ ಬಂದಿರುತ್ತವೆ, ಅವರಿಗೆ ಚಪ್ಪರಕ್ಕೆ ಬೇಕು.